ಟೊಮೆಟೊ, ಬೀನ್ಸ್ ಕುಡಿ ಸೊಟ್ಟಗಾಗಿದೆ: ರೋಗವಾ, ಪಕ್ಕದ ಸೈಟಿನ ಕಳೆನಾಶಕವಾ?

ಹಿತ್ತಲಮನೆ:
ನಾವು ಮೈಸೂರಿನವರು. ಪಕ್ಕದ ಖಾಲಿ ಸೈಟಿನಲ್ಲಿ ಕಾಂಗ್ರೆಸ್ ಗಿಡ ಎದೆಮಟ್ಟ ಬೆಳೆದಿತ್ತು. ಹೋದ ವಾರ ಮಟಮಟ ಮಧ್ಯಾಹ್ನ ಅದಕ್ಕೆ ಔಷಧಿ ಹೊಡೆಸಿದರು. ಈಗ ನಮ್ಮ ಟೊಮೆಟೊ, ಬೀನ್ಸ್ ಕುಡಿಯೆಲ್ಲ ತಿರುಚಿಕೊಂಡಿದೆ, ಹೊಸ ಎಲೆ ದಾರದಷ್ಟು ಸಣ್ಣಗಿದೆ. ಎಲೆ ಮುಟುರು ರೋಗ ಅಂತ ಯಾರೋ ಹೇಳಿದರು. ಬೇವಿನೆಣ್ಣೆ ಹೊಡೆದರೂ ಕಡಿಮೆಯಾಗಿಲ್ಲ. ಗಿಡದಲ್ಲಿರುವ ಕಾಯಿಯನ್ನು ಮಕ್ಕಳಿಗೆ ಕೊಡಬಹುದಾ?

ಮಲೆನಾಡ ಮಣ್ಣು:
ಸದ್ಯಕ್ಕೆ ಕೊಡಬೇಡಿ ಅಕ್ಕ. ಎಲೆ ಮುಟುರು ವೈರಸ್ ಹರಡುವ ಬಿಳಿನೊಣ ಎಲೆಯಡಿ ಇದೆಯಾ? ಹುಲ್ಲಿನ ಜಾತಿಯ ಗಿಡಗಳು ಹೇಗಿವೆ? ಡಬ್ಬಿ ಮೇಲೆ ಏನು ಬರೆದಿದೆ?

ಹಿತ್ತಲಮನೆ:
ಬಿಳಿನೊಣ ಇಲ್ಲ. ಮಜ್ಜಿಗೆಹುಲ್ಲು ಚೆನ್ನಾಗೇ ಇದೆ. ಕಾಂಪೌಂಡ್ ಪಕ್ಕದ ಸಾಲೇ ಜಾಸ್ತಿ ಕೆಟ್ಟಿದೆ. ಡಬ್ಬಿ ಮೇಲೆ 2,4-ಡಿ ಈಥೈಲ್ ಎಸ್ಟರ್ ಅಂತಿದೆ.

ಮಲೆನಾಡ ಮಣ್ಣು:
ಹಾಗಾದರೆ ಇದು ರೋಗ ಅಲ್ಲ. ವೈರಸ್ ಆಗಿದ್ದರೆ ಅಲ್ಲೊಂದು ಇಲ್ಲೊಂದು ಗಿಡ ಕೆಡುತ್ತಿತ್ತು, ಟೊಮೆಟೊ ಬೀನ್ಸ್ ಎರಡೂ ಒಟ್ಟಿಗೆ ಹೀಗಾಗುತ್ತಿರಲಿಲ್ಲ. 2,4-ಡಿ ಗಿಡದ ಬೆಳವಣಿಗೆಯ ಹಾರ್ಮೋನಿನ ಥರ ಕೆಲಸ ಮಾಡುತ್ತದೆ. ಅಗಲ ಎಲೆಯ ಗಿಡ ಅಡ್ಡಾದಿಡ್ಡಿ ಬೆಳೆದು ಸಾಯುತ್ತದೆ, ಹುಲ್ಲಿನ ಜಾತಿ ಉಳಿಯುತ್ತದೆ. ಟೊಮೆಟೊ, ದ್ರಾಕ್ಷಿ, ಹತ್ತಿಗೆ ಚೂರು ತಾಗಿದರೂ ಸಾಕು. ಎಸ್ಟರ್ ರೂಪದ್ದು ಬಿಸಿಲಿಗೆ ಆವಿಯಾಗುತ್ತದೆ. ಹೊಡೆಯುವಾಗ ಗಾಳಿ ಇಲ್ಲದಿದ್ದರೂ ಆಮೇಲೆ ಕಾಂಪೌಂಡ್ ದಾಟಿ ಬರುತ್ತದೆ.

ಇದಕ್ಕೆ ಮದ್ದಿಲ್ಲ. ಬೇವಿನೆಣ್ಣೆ ನಿಲ್ಲಿಸಿ. ತುಂಬಾ ತಿರುಚಿದ ಗಿಡ ಕಿತ್ತುಬಿಡಿ, ಕಾಂಪೋಸ್ಟ್‌ಗೆ ಹಾಕಬೇಡಿ. ಸ್ವಲ್ಪ ಮಾತ್ರ ತಾಗಿದ್ದರೆ ನೀರು ಕೊಟ್ಟು ಹೊಸ ಚಿಗುರು ನೋಡಿ. ಈಗಿರುವ ಕಾಯಿ ತಿನ್ನಬೇಡಿ.

ತೋಟಗಾರ:
ಅದರ ಬದಲು ಗ್ಲೈಫೋಸೇಟ್ ಅನ್ನೋ ಕಳೆನಾಶಕ ಹೊಡೆಸಬಹುದಿತ್ತು ಅಲ್ವಾ? ಮಣ್ಣಿಗೆ ಬಿದ್ದರೆ ಅಂಟಿಕೊಂಡು ಸುಮ್ಮನಾಗುತ್ತದೆ.

ಮಲೆನಾಡ ಮಣ್ಣು:
ಮಣ್ಣಿನ ಮಾತು ನಿಜ. ಆದರೆ ಎಲೆಗೆ ಬಿದ್ದರೆ ಅದು ಹುಲ್ಲು, ಹೂಗಿಡ ಯಾವುದನ್ನೂ ಬಿಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಅದನ್ನು ಮನುಷ್ಯರಿಗೆ ಬಹುಶಃ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿತು. ಅಮೆರಿಕದ ಪರಿಸರ ಸಂಸ್ಥೆ ಇದನ್ನು ಒಪ್ಪುವುದಿಲ್ಲ. ನಮ್ಮಲ್ಲಿ ಕೀಟನಿಯಂತ್ರಣದವರ ಮೂಲಕ ಮಾತ್ರ ಬಳಸಬೇಕು ಅಂತ ಕೇಂದ್ರ 2022ರಲ್ಲಿ ಆದೇಶ ಹೊರಡಿಸಿತು. ಮಕ್ಕಳು ಆಡುವ ಹಿತ್ತಲಿನಲ್ಲಿ ನಾನಂತೂ ಹೊಡೆಸುವುದಿಲ್ಲ.

ಪ್ಯಾರಾಕ್ವಾಟ್ ಅನ್ನುವ ಕಳೆನಾಶಕವನ್ನಂತೂ ಮನೆಗೆ ತರಲೇಬೇಡಿ. ಅದಕ್ಕೆ ಪ್ರತಿವಿಷ ಇಲ್ಲ, ಒಂದು ಗುಟುಕು ಒಳಗೆ ಹೋದರೂ ಜೀವ ಹೋಗಬಹುದು. ಯಾವ ಕಳೆನಾಶಕವನ್ನೂ ಜ್ಯೂಸ್ ಬಾಟಲಿಗೆ ಸುರಿದಿಡಬೇಡಿ. ಮಕ್ಕಳಿಗೆ ಗೊತ್ತಾಗುವುದಿಲ್ಲ.

ಹಿತ್ತಲಮನೆ:
ಸೈಟಿನವರ ಹತ್ತಿರ ಮಾತಾಡಿದೆ. ಮುಂದಿನ ಸಲ ಆಳು ಇಟ್ಟು ಕೀಳಿಸುತ್ತೇವೆ ಅಂದರು. ಯಾವಾಗ ಕೀಳಿಸಬೇಕು?

ಮಲೆನಾಡ ಮಣ್ಣು:
ಮಳೆ ಬಂದು ಮಣ್ಣು ಹಸಿಯಾಗಿದ್ದಾಗ, ಬಿಳಿ ಹೂ ಕಾಣುವ ಮುಂಚೆ. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಕೀಳುವವರು ಕೈಗವಸು, ತುಂಬುತೋಳಿನ ಬಟ್ಟೆ, ಮಾಸ್ಕ್ ಹಾಕಿಕೊಳ್ಳಲಿ. ಕೆಲವರಿಗೆ ವಿಪರೀತ ತುರಿಕೆ, ಉಬ್ಬಸ ಬರುತ್ತದೆ.