ಇಪ್ಪತ್ತು ವರ್ಷ ಊರಿನ ಕೆಲಸ ಹೊತ್ತವರು ‘ಇನ್ನು ನೀನು ನೋಡ್ಕೋ’ ಅಂದರು, ಏನು ಮಾಡಲಿ?

ಕಡಲತಡಿ_ಹುಡುಗ:
ನಮ್ಮದು ಕುಂದಾಪುರದ ಹತ್ತಿರ ಕಡಲ ಪಕ್ಕದ ಊರು. ಕೇರಿಯಲ್ಲಿ ಒಬ್ಬರು ನಿವೃತ್ತ ಮಾಷ್ಟ್ರು ಇದ್ದಾರೆ. ಸುಮಾರು ಇಪ್ಪತ್ತು ವರ್ಷದಿಂದ ತಿಂಗಳಿಗೆ ಎರಡು ಭಾನುವಾರ ದಂಡೆ ಕ್ಲೀನ್ ಮಾಡಿಸುವುದು, ಕಡಲ್ಕೊರೆತ ಆದಾಗ ಕಲ್ಲು ಹಾಕಿಸಲು ಕಚೇರಿ ಅಲೆಯುವುದು, ದಾರಿದೀಪ ಕೆಟ್ಟರೆ ಫೋನ್ ಮಾಡುವುದು ಎಲ್ಲಾ ಅವರೇ. ಹುದ್ದೆ ಗಿದ್ದೆ ಏನೂ ಇಲ್ಲ, ಎಲೆಕ್ಷನ್ನಿಗೂ ನಿಂತವರಲ್ಲ. ಕಳೆದ ವಾರ ಕರೆದು ಚಾ ಕೊಟ್ಟು, ‘ಮೊಣಕಾಲು ಕೇಳುವುದಿಲ್ಲ ಮಾರಾಯ, ಇನ್ನು ನೀನು ನೋಡ್ಕೋ’ ಅಂದರು.

ನನಗೆ ಇದರಲ್ಲಿ ಎರಡೇ ವರ್ಷದ ಅನುಭವ. ಅವರು ಕರೆದರೆ ಮೂವತ್ತು ಜನ ಬರುತ್ತಾರೆ. ಆಗಸ್ಟಿನಲ್ಲಿ ನಾನೊಬ್ಬನೇ ಕರೆದಾಗ ಬಂದದ್ದು ನಾಲ್ಕು ಜನ, ಅದರಲ್ಲಿ ಇಬ್ಬರು ನನ್ನ ಮನೆಯವರೇ. ಹೆಕ್ಕಿದ ಕಸ ಒಯ್ಯುತ್ತೇವೆ ಎಂದಿದ್ದ ಟ್ರ್ಯಾಕ್ಟರ್ ಒಂಬತ್ತು ದಿನ ಬರಲಿಲ್ಲ. ನಾಯಿಗಳು ಚೀಲ ಹರಿದು, ಗಾಳಿಗೆ ಎಲ್ಲಾ ವಾಪಸ್ ಗಾಳಿಮರದ ಬುಡಕ್ಕೆ. ಬೈಗುಳ ತಿಂದದ್ದು ನಾನು. ಇಂಥದ್ದನ್ನು ವಹಿಸಿಕೊಂಡವರು ಯಾರಾದರೂ ಇದ್ದೀರಾ?

ಅಂಧೇರಿ_ಬೈಂದೂರಿಗ:
ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ, ಟ್ರ್ಯಾಕ್ಟರ್ ಸಮಸ್ಯೆ ದೊಡ್ಡವರಿಗೂ ಬಂದಿದೆ. ಇಲ್ಲಿ ಮುಂಬೈಯ ವರ್ಸೋವಾ ದಂಡೆಯಲ್ಲಿ ಅಫ್ರೋಜ್ ಶಾ ಎಂಬ ವಕೀಲರು 2015ರ ಅಕ್ಟೋಬರಿನಲ್ಲಿ ಶುರು ಮಾಡಿದಾಗ ಜೊತೆಗಿದ್ದದ್ದು 84 ವರ್ಷದ ನೆರೆಯವರು ಒಬ್ಬರೇ. ಮರುವರ್ಷ ವಿಶ್ವಸಂಸ್ಥೆಯ ಪ್ರಶಸ್ತಿ ಬಂತು, ಅದು ಎಲ್ಲರಿಗೂ ಗೊತ್ತು. 2017ರ ನವೆಂಬರ್ ಮಾತ್ರ ಯಾರೂ ನೆನಪಿಸಿಕೊಳ್ಳುವುದಿಲ್ಲ. 109 ವಾರ ಆದ ಮೇಲೆ ಅವರೇ ಕೆಲಸ ನಿಲ್ಲಿಸಿದ್ದರು. ಪುಂಡರ ಕಾಟ ಒಂದು ಕಡೆ, ಒಟ್ಟು ಮಾಡಿದ ಕಸ ಎತ್ತುವವರಿಲ್ಲ ಎಂಬುದು ಇನ್ನೊಂದು ಕಡೆ. ಆಮೇಲೆ ಮತ್ತೆ ಶುರುವಾಯಿತು. 2018ರ ಮಾರ್ಚಿನಲ್ಲಿ ಅದೇ ಮರಳಿನಿಂದ ಕಡಲಾಮೆ ಮರಿಗಳು ಎದ್ದು ನೀರಿಗೆ ಹೋದವು.

ನನ್ನ ಲೆಕ್ಕ ಇಷ್ಟೇ: ಒಯ್ಯುವವರು ಪಕ್ಕಾ ಆಗುವ ತನಕ ಒಂದು ಚಪ್ಪಲಿಯನ್ನೂ ಹೆಕ್ಕಬೇಡಿ. ಶನಿವಾರ ಸಂಜೆ ಡ್ರೈವರಿಗೇ ಫೋನ್ ಮಾಡಿ, ಆಫೀಸಿಗಲ್ಲ.

ನಾಡದೋಣಿ:
ಹ್ವಾಯ್, ಆಗಸ್ಟಿನಲ್ಲಿ ಕರೆದರೆ ಯಾರು ಬರ್ತಾರೆ? ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಬೋಟಿನವರಿಗೆ ರಜೆ, ಆಗಸ್ಟ್ ಬಂದರೆ ಎಲ್ಲಾ ಕಡಲಿಗೆ. ಬೋಟಿನವರನ್ನು ಜುಲೈಯಲ್ಲಿ ಕರೆಯಿರಿ. ಆದರೆ ನಮ್ಮಂಥ ನಾಡದೋಣಿಯವರಿಗೆ ಆ ಮಳೆಗಾಲವೇ ಸೀಸನ್, ನಮ್ಮನ್ನು ಆಗ ಕರೆಯಬೇಡಿ. ಯಾವ ಮನೆಯವರು ಯಾವುದಕ್ಕೆ ಹೋಗುತ್ತಾರೆ ಎಂದು ಮಾಷ್ಟ್ರಿಗೆ ಗೊತ್ತು. ನೀವು ವಾಟ್ಸಾಪಲ್ಲಿ ಎಲ್ಲರಿಗೂ ಒಂದೇ ಮೆಸೇಜ್ ಹಾಕಿರ್ತೀರಿ, ಅಲ್ವಾ?

ಇನ್ನೊಂದು. ದಂಡೆಯಲ್ಲಿ ಕಂಡ ಬಲೆ ಎಲ್ಲಾ ಕಸವಲ್ಲ. ನಮ್ಮ ಮಾವ ಒಣಗಲು ಹಾಕಿದ್ದ ಬಲೆಯನ್ನು ಯಾವುದೋ ಕಾಲೇಜು ಮಕ್ಕಳು ಚೀಲಕ್ಕೆ ತುಂಬಿ, ಪಕ್ಕದಲ್ಲಿ ನಿಂತು ಫೋಟೊ ಬೇರೆ ತೆಗೆಸಿಕೊಂಡಿದ್ದರು. ಆ ವರ್ಷ ಮಾವ ಕ್ಲೀನಿಂಗಿನ ಕಡೆ ತಲೆ ಹಾಕಲಿಲ್ಲ. ಮತ್ತೆ ಜನವರಿಯಿಂದ ಮಾರ್ಚ್ ಸುಮಾರಿಗೆ ಆಮೆ ಮೊಟ್ಟೆ ಇಡುವ ಸಮಯ. ಒಂದು ಗೂಡಲ್ಲಿ ನೂರರಷ್ಟು ಮೊಟ್ಟೆ ಇರುತ್ತವೆ, ಮರಿ ಆಗಲು 45ರಿಂದ 60 ದಿನ ಬೇಕು. ಆಗ ಕೈಯಲ್ಲೇ ಹೆಕ್ಕಿ, ಜೇಸಿಬಿ ಇಳಿಸಬೇಡಿ. ಗೂಡು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ.

ಲೆಕ್ಕಪತ್ರ:
ಒಬ್ಬರ ಮೇಲೆ ನಿಂತ ಕೆಲಸ ಅವರ ಮೊಣಕಾಲಿನ ಜೊತೆಗೇ ನಿಲ್ಲುತ್ತದೆ, ಈಗ ಆಗುತ್ತಿರುವುದೂ ಅದೇ. ಸಂಘ ರಿಜಿಸ್ಟರ್ ಮಾಡಿಸಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಏಳು ಜನ ಇದ್ದರೆ ಸಾಕು. ಸಂಘದ ಹೆಸರಲ್ಲಿ ಬ್ಯಾಂಕ್ ಖಾತೆ ತೆಗೆಯಿರಿ. ಗ್ಲೌಸಿನ ದುಡ್ಡು ಯಾರು ಕೊಟ್ಟರು ಎಂಬ ಗುಸುಗುಸು ಅಲ್ಲಿಗೆ ನಿಲ್ಲುತ್ತದೆ. ಅರ್ಜಿ ಕೊಟ್ಟಾಗ ಸೀಲು ಹಾಕಿದ ಪ್ರತಿ ಇಟ್ಟುಕೊಳ್ಳಿ.

ಗಾಳಿಮರ:
ಮೇಲಿನವರ ಮಾತಿಗೆ ನನ್ನ ವಿರೋಧವಿದೆ. ನಮ್ಮ ಕಡೆ ರಿಜಿಸ್ಟರ್ ಮಾಡಿಸಿದ ದಿನದಿಂದ ಕಸಕ್ಕಿಂತ ಜಾಸ್ತಿ ಅಧ್ಯಕ್ಷಗಿರಿಯ ಗಲಾಟೆ. ಮೊದಲು ಒಂದು ವರ್ಷ ಮಾಷ್ಟ್ರನ್ನು ಕುರ್ಚಿ ಹಾಕಿ ದಂಡೆಯಲ್ಲಿ ಕೂರಿಸಿ. ಅವರು ಕೂತಿರಲಿ, ನೀವು ಓಡಾಡಿ.

ಕಡಲತಡಿ_ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. @ನಾಡದೋಣಿ, ಹೌದು, ಒಂದೇ ಮೆಸೇಜ್ ಹಾಕಿದ್ದೆ, ನಾಚಿಕೆ ಆಯಿತು. ನಿನ್ನೆ ಮಾಷ್ಟ್ರ ಮನೆಗೆ ಹೋಗಿ ಕೇಳಿದೆ. ಒಂದು ಉದ್ದ ನೋಟ್ ಪುಸ್ತಕ ಕೊಟ್ಟರು, ಅಂಚು ಎಲ್ಲಾ ಉಪ್ಪುಗಾಳಿಗೆ ಮೆತ್ತಗಾಗಿದೆ. ಪ್ರತಿ ಮನೆಗೆ ಒಂದು ಪುಟ. ದೋಣಿ ಯಾವುದು, ಯಾರಿಗೆ ಸೊಂಟನೋವು, ಯಾವ ಭಾನುವಾರ ಯಾರ ಮನೆಯಲ್ಲಿ ಮದುವೆ, ಎಲ್ಲಾ ಅದರಲ್ಲಿದೆ. ಟ್ರ್ಯಾಕ್ಟರ್ ಡ್ರೈವರಿಗೂ ಒಂದು ಪುಟ, ಕೆಳಗೆ ಕೆಂಪು ಶಾಯಿಯಲ್ಲಿ ‘ಚಾ ಸಕ್ಕರೆ ಇಲ್ಲದೆ’ ಎಂದು ಬರೆದಿದ್ದಾರೆ. ಸಂಘದ ವಿಷಯ ಆಮೇಲೆ ನೋಡುತ್ತೇನೆ. ಕುರ್ಚಿಗೆ ಮಾಷ್ಟ್ರು ಒಪ್ಪಿದರು, ಪ್ಲಾಸ್ಟಿಕ್ ಕುರ್ಚಿ ಮಾತ್ರ ಬೇಡವಂತೆ.