ಹೊಸೂರಿನಲ್ಲಿ ಚೆನ್ನಾಗಿ ಓಡಿದ ಆರ್‌ಎಕ್ಸ್ 100 ಇರುಂಗಾಟ್ಟುಕೋಟ್ಟೈಯಲ್ಲಿ ಜಾಮ್ ಆದದ್ದೇಕೆ?

ಹೊಸೂರು_98ಸಿಸಿ

ಎಲ್ಲರಿಗೂ ನಮಸ್ಕಾರ. ನಾನು ಹೊಸೂರಿನವನು. ಎರಡು ವರ್ಷಗಳಿಂದ 1989ರ ಒಂದು ಯಮಹಾ ಆರ್‌ಎಕ್ಸ್ 100 ಗಾಡಿಯನ್ನು ಹಳೆಯ ಟು ಸ್ಟ್ರೋಕ್ ಓಟಕ್ಕೆಂದು ಸಿದ್ಧಪಡಿಸುತ್ತಿದ್ದೇನೆ. ಕಳೆದ ತಿಂಗಳು ಅಭ್ಯಾಸದ ದಿನವೇ ಇಂಜಿನ್ ಜಾಮ್ ಆಯಿತು. ಹೊಸ ಪಿಸ್ಟನ್ ಹಾಕಿಸುವ ಮೊದಲು ತಪ್ಪು ಎಲ್ಲಿದೆ ಎಂಬುದನ್ನು ತಿಳಿಯಬೇಕೆಂದು ಇಲ್ಲಿ ಕೇಳುತ್ತಿದ್ದೇನೆ.

ಬೋರ್ (ಸಿಲಿಂಡರಿನ ಒಳವ್ಯಾಸ) 50 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 50 ಮಿ.ಮೀ. ಎರಡೂ ಮೂಲದಲ್ಲಿ ಇದ್ದಂತೆಯೇ ಇವೆ. ಕಂಪನಿಯ 20 ಮಿ.ಮೀ. ಕಾರ್ಬುರೇಟರ್ ತೆಗೆದು 24 ಮಿ.ಮೀ.ನ ಮಿಕುನಿ ಹಾಕಿದ್ದೇನೆ. ಆಯಿಲ್ ಪಂಪ್ ತೆಗೆದು, ಒಂದು ಲೀಟರ್ ಪೆಟ್ರೋಲಿಗೆ 50 ಮಿ.ಲೀ. ಟು ಟಿ ಆಯಿಲ್ ಬೆರೆಸಿ ಓಡಿಸುತ್ತೇನೆ. ಹೊಗೆ ಹೊರಹೋಗುವ ಕಿಂಡಿಯಾದ ಎಕ್ಸಾಸ್ಟ್ ಪೋರ್ಟನ್ನು ಮೇಲಕ್ಕೆ ತೆಗೆದಿದ್ದೇನೆ. ಕ್ರ್ಯಾಂಕಿಗೆ ಡಿಗ್ರಿ ತಟ್ಟೆ ಕಟ್ಟಿ ಅಳೆದಾಗ ಎಕ್ಸಾಸ್ಟ್ 184 ಡಿಗ್ರಿ, ಟ್ರಾನ್ಸ್‌ಫರ್ (ಹಸಿ ಮಿಶ್ರಣ ಸಿಲಿಂಡರಿಗೆ ಏರುವ ಕಿಂಡಿ) 122 ಡಿಗ್ರಿ ತೆರೆದಿರುತ್ತವೆ. ಸಿಲಿಂಡರಿನ ಮುಚ್ಚಳವಾದ ಹೆಡ್ಡನ್ನು ಲೇತ್‌ನಲ್ಲಿ 0.6 ಮಿ.ಮೀ. ತೆಗೆಸಿದ್ದೇನೆ. ಎಕ್ಸ್‌ಪಾನ್ಶನ್ ಚೇಂಬರ್ (ನಡುವೆ ಉಬ್ಬಿ ಕೊನೆಗೆ ಕೋನಿನಂತೆ ಕಿರಿದಾಗುವ ಓಟದ ಸೈಲೆನ್ಸರ್ ಪೈಪ್) ಸಿದ್ಧವಾಗಿ ಸಿಕ್ಕಿದ್ದು. ಪಾಯಿಂಟ್ ಇಗ್ನಿಷನ್ (ಲೋಹದ ತುದಿಗಳು ಬಿಟ್ಟುಕೊಂಡಾಗ ಕಿಡಿ ಕೊಡುವ ವ್ಯವಸ್ಥೆ) ಹಳೆಯದೇ.

ಊರಾಚೆಯ ಒಂದು ಖಾಲಿ ಬಡಾವಣೆಯಲ್ಲಿ, ಮಾಲೀಕರ ಒಪ್ಪಿಗೆ ಪಡೆದು, ಮಧ್ಯಾಹ್ನದ ಹೊತ್ತು ಹಲವು ಸಲ ಓಡಿಸಿ ನೋಡಿದೆ. 130ರ ಮೇನ್ ಜೆಟ್‌ನಲ್ಲಿ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ತೂತು, ಸಂಖ್ಯೆ ಹೆಚ್ಚಿದಷ್ಟೂ ಪೆಟ್ರೋಲ್ ಹೆಚ್ಚು) ಪ್ಲಗ್ ಒಳ್ಳೆಯ ಕಂದು ಬಣ್ಣಕ್ಕೆ ಬಂದು ಮಿಶ್ರಣ ಸರಿಯಿದೆ ಎಂದು ತೋರಿಸಿತ್ತು. ಚೆನ್ನೈ ಕಡೆ ಸೆಖೆ ಹೆಚ್ಚು, ಬಿಸಿಗಾಳಿ ತೆಳುವಾಗಿರುತ್ತದೆ, ಆದ್ದರಿಂದ ಪೆಟ್ರೋಲ್ ಕಡಿಮೆ ಸಾಕು ಎಂದು ಯೋಚಿಸಿ, ಹೊರಡುವ ಮುನ್ನ 125ರ ಜೆಟ್ ಹಾಕಿದೆ.

ಬೆಳಗ್ಗೆ ಏಳು ಗಂಟೆಗೆ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಓಟದ ಟ್ರ್ಯಾಕಿಗೆ ಇಳಿದೆವು. ಮೂರನೆಯ ಸುತ್ತಿನಲ್ಲಿ ನೇರ ದಾರಿಯಲ್ಲಿ, ನಾಲ್ಕನೆಯ ಗೇರಿನಲ್ಲಿ, ಇಂಜಿನ್ ಅದುವರೆಗೆ ಎಂದೂ ಇಲ್ಲದಷ್ಟು ಹಗುರಾಗಿ, ಗಂಟಲು ತೆರೆದು ಹಾಡಿದಂತೆ ಏರಿತು. ಆ ಖುಷಿ ಎರಡು ಮೂರು ಸೆಕೆಂಡು ಉಳಿಯಿತೇನೋ. ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ವೇಗ ಇಳಿಯಿತು, ಹಿಂದಿನ ಚಕ್ರ ಕೀರಿಟ್ಟಿತು. ಕ್ಲಚ್ ಹಿಡಿದದ್ದರಿಂದ ಬೀಳಲಿಲ್ಲ.

ಬಿಚ್ಚಿ ನೋಡಿದರೆ ಪಿಸ್ಟನ್ನಿನ ಎಕ್ಸಾಸ್ಟ್ ಬದಿಯಲ್ಲಿ ಉದ್ದುದ್ದ ಗೀರುಗಳಿವೆ, ಮೇಲಿನ ರಿಂಗ್ ಕಚ್ಚಿಕೊಂಡಿದೆ, ಅದೇ ಬದಿಯ ಅಂಚು ಇಲಿ ಕಡಿದ ಹಾಗೆ ತಿಂದುಹೋಗಿದೆ. ಮಿಶ್ರಣ ಒಳಬರುವ ಇನ್‌ಟೇಕ್ ಬದಿ ಹೊಸದರಂತೆ ನುಣ್ಣಗಿದೆ. ಗೆಳೆಯರು ಪೋರ್ಟ್ ಅತಿಯಾಗಿ ಏರಿಸಿದ್ದೇ ಕಾರಣ ಎನ್ನುತ್ತಾರೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ರಾಯದುರ್ಗ_ಟುಸ್ಟ್ರೋಕ್

ನನ್ನ ಅನುಭವದಲ್ಲಿ ಪಂಪ್ ತೆಗೆದ ಗಾಡಿಗಳು ಆಯಿಲ್ ಸಾಲದೆಯೇ ಜಾಮ್ ಆಗುತ್ತವೆ. ಓಟದ ಇಂಜಿನ್ನಿಗೆ ಲೀಟರಿಗೆ 50 ಮಿ.ಲೀ. ಕಡಿಮೆಯಾಯಿತು. 70 ಮಿ.ಲೀ. ಹಾಕಿ ನೋಡಿ.

ಕುಂಬಳೆ_ಲೇತ್

ಹೊಸೂರಿನವರೇ, ನೀವು ಪಿಸ್ಟನ್ನಿನ ಎರಡೂ ಬದಿಯನ್ನು ನೋಡಿ ಬರೆದದ್ದು ಒಳ್ಳೆಯದಾಯಿತು, ಏಕೆಂದರೆ ಉತ್ತರದ ಬಹುಪಾಲು ಅಲ್ಲೇ ಇದೆ. ಆಯಿಲ್ ಸಾಲದೆ ಹಿಡಿದ ಪಿಸ್ಟನ್ನಿನಲ್ಲಿ ಇನ್‌ಟೇಕ್ ಬದಿಯೂ ಗೀರಿರುತ್ತದೆ. ಬಿಸಿಯಾಗುವ ಮೊದಲೇ ಜೋರಾಗಿ ಓಡಿಸಿದ್ದರೆ ನಾಲ್ಕು ಮೂಲೆಗಳಲ್ಲಿ ಗೀರು ಬೀಳುತ್ತದೆ. ಎಕ್ಸಾಸ್ಟ್ ಬದಿಯೊಂದೇ ಕೆಟ್ಟಿದ್ದರೆ ಅದು ಮಿಶ್ರಣ ತೆಳುವಾಗಿ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಾಲದೆ, ಅತಿ ಬಿಸಿಯಾದ ಲಕ್ಷಣ. ಅಂಚು ಕಡಿದಂತಿದ್ದರೆ ಅದು ಡಿಟೊನೇಶನ್, ಅಂದರೆ ಜ್ವಾಲೆ ತಲುಪುವ ಮೊದಲೇ ಅಂಚಿನ ಮಿಶ್ರಣ ತಾನಾಗಿ ಸಿಡಿದದ್ದು. ಪ್ಲಗ್ಗಿನ ಪಿಂಗಾಣಿಯನ್ನು ಮಸೂರದಲ್ಲಿ ನೋಡಿ. ಸಾಸಿವೆಗಿಂತಲೂ ಸಣ್ಣದಾದ ಬೂದು ಮಿನುಗುಗಳು ಅಂಟಿಕೊಂಡಿದ್ದರೆ ಅವು ನಿಮ್ಮ ಪಿಸ್ಟನ್ನಿನ ಅಲ್ಯೂಮಿನಿಯಂ.

ಈಗ ಜೆಟ್ಟಿನ ವಿಚಾರ. ಸೆಖೆಯ ಊರಿನಲ್ಲಿ ಗಾಳಿ ತೆಳು ಎಂಬುದು ನಿಜ, ಆದರೆ ಎತ್ತರದ ಊರಿನಲ್ಲಿಯೂ ಗಾಳಿ ತೆಳುವೇ. ಹೊಸೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಅಲ್ಲಿ ಗಾಳಿಯ ಒತ್ತಡ ಚೆನ್ನೈಗಿಂತ ಶೇಕಡ 10ರಷ್ಟು ಕಡಿಮೆ. ನೀವು ಜೆಟ್ ಹೊಂದಿಸಿದ್ದು ಹೊಸೂರಿನ ಮಧ್ಯಾಹ್ನದ ಬಿಸಿಲಿನಲ್ಲಿ, ಓಡಿಸಿದ್ದು ಬಯಲಿನ ಬೆಳಗಿನ ತಂಪಿನಲ್ಲಿ. ಹೊಸೂರಿನಲ್ಲಿ 30 ಡಿಗ್ರಿ, ಅಲ್ಲಿ 25 ಡಿಗ್ರಿ ಎಂದು ಹಿಡಿದು ಲೆಕ್ಕ ಹಾಕಿದರೆ, ಕರಾವಳಿಯ ತೇವವನ್ನು ಕಳೆದರೂ, ಟ್ರ್ಯಾಕಿನ ಗಾಳಿ ಶೇಕಡ 10ಕ್ಕಿಂತ ಹೆಚ್ಚು ದಟ್ಟವಾಗಿತ್ತು. ಗಾಳಿ ಇಷ್ಟು ದಟ್ಟವಾದಾಗ ಕಾರ್ಬುರೇಟರ್ ಎಳೆಯುವ ಪೆಟ್ರೋಲ್ ಅದರ ಅರ್ಧದಷ್ಟು ಮಾತ್ರ ಹೆಚ್ಚುತ್ತದೆ. ಹಾಗಾಗಿ 130ರ ಜೆಟ್ ಇದ್ದಿದ್ದರೂ ಮಿಶ್ರಣ ಶೇಕಡ 5ರಷ್ಟು ತೆಳುವಾಗುತ್ತಿತ್ತು. ನೀವು 125 ಹಾಕಿ ಇನ್ನೊಂದು ಶೇಕಡ 4ನ್ನು ಕಿತ್ತುಕೊಂಡಿರಿ. ಏರಿಸಬೇಕಾದಲ್ಲಿ ಇಳಿಸಿದಿರಿ ಎಂದು ಹೇಳಲು ನನಗೆ ಬೇಸರವಾಗುತ್ತದೆ, ಆದರೆ ವಿಷಯ ಇದೇ. ಟು ಸ್ಟ್ರೋಕ್ ಇಂಜಿನ್ ಸಾಯುವ ಮುನ್ನ ಚಂದವಾಗಿ ಓಡುತ್ತದೆ. ನೀವು ಕೇಳಿದ ಆ ಹಗುರವಾದ ಸದ್ದು ತೆಳು ಮಿಶ್ರಣದ್ದು.

ರಾಯದುರ್ಗದವರ ಸಲಹೆಯನ್ನು ಈ ಪಿಸ್ಟನ್ನಿನ ಮಟ್ಟಿಗೆ ನಾನು ಒಪ್ಪಲಾರೆ. ಜೆಟ್ಟಿನ ತೂತಿನಲ್ಲಿ ಹೋಗುವುದು ಪೆಟ್ರೋಲ್ ಮತ್ತು ಆಯಿಲ್ ಸೇರಿದ ದ್ರವ. ಆಯಿಲ್ ಹೆಚ್ಚಿಸಿದಷ್ಟೂ ಅದೇ ತೂತಿನಲ್ಲಿ ಬರುವ ಪೆಟ್ರೋಲ್ ಕಡಿಮೆಯಾಗುತ್ತದೆ, ದ್ರವವೂ ಮಂದವಾಗುತ್ತದೆ. ಜೆಟ್ ಬದಲಿಸದೆ 70 ಮಿ.ಲೀ. ಹಾಕಿದ್ದರೆ ಗಾಡಿ ಎರಡನೆಯ ಸುತ್ತಿನಲ್ಲೇ ನಿಲ್ಲುತ್ತಿತ್ತು. ಇದರ ಜೊತೆಗೆ ಈಗಿನ ಪೆಟ್ರೋಲಿನಲ್ಲಿ ಶೇಕಡ 20 ಎಥನಾಲ್ ಇದೆ. ಶುದ್ಧ ಪೆಟ್ರೋಲ್ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ ಈ ಮಿಶ್ರಣಕ್ಕೆ ಸುಮಾರು 13.5 ಸಾಕು, ಅಂದರೆ ಅಷ್ಟೇ ಗಾಳಿಗೆ ಪೆಟ್ರೋಲ್ ಹೆಚ್ಚು ಬೇಕು. ಹಳೆಯ ಕಾಲದ ಜೆಟ್ ಪಟ್ಟಿಗಳನ್ನು ನಂಬಿ ಕೂರುವಂತಿಲ್ಲ. ನಮ್ಮ ಕರಾವಳಿಯ ಮಳೆಗಾಲದಲ್ಲಂತೂ ಈ ಪೆಟ್ರೋಲ್ ತೇವ ಹೀರಿ, ನಿಂತ ಗಾಡಿಯ ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬಟ್ಟಲಿನ ತಳದಲ್ಲಿ ನೀರು ಬೇರೆಯಾಗಿ ಕೂರುತ್ತದೆ. ಓಟ ಮುಗಿದ ಮೇಲೆ ಬಟ್ಟಲು ಬರಿದು ಮಾಡಿಡಿ.

ಇನ್ನೊಂದನ್ನು ನೋಡದೆ ಪಿಸ್ಟನ್ ಹಾಕಬೇಡಿ. ಕ್ರ್ಯಾಂಕಿನ ಆಯಿಲ್ ಸೀಲ್ ಸೋರುತ್ತಿದ್ದರೆ ಯಾವ ಜೆಟ್ಟೂ ಉಳಿಸದು. ನಾನು ಇಲ್ಲಿ ಅಡಿಕೆ ತೋಟಕ್ಕೆ ಮದ್ದು ಬಿಡುವ ಯಂತ್ರಗಳನ್ನೂ ಹುಲ್ಲು ಕತ್ತರಿಸುವ ಯಂತ್ರಗಳನ್ನೂ ರಿಪೇರಿ ಮಾಡುತ್ತೇನೆ. ಅವೂ ಟು ಸ್ಟ್ರೋಕ್ ಇಂಜಿನ್ನುಗಳೇ, ಜಾಮ್ ಆಗಿ ಬಂದವುಗಳಲ್ಲಿ ಎಷ್ಟೋ ಯಂತ್ರಗಳ ಸೀಲ್ ಹೋಗಿರುತ್ತದೆ. ಪರೀಕ್ಷೆಗೆ ನಾನು ಇಟ್ಟುಕೊಂಡಿರುವುದು ರಕ್ತದೊತ್ತಡ ನೋಡುವ ಹಳೆಯ ಉಪಕರಣ. ಪಿಸ್ಟನ್ನನ್ನು ಕೆಳಗಿಳಿಸಿ, ಎಕ್ಸಾಸ್ಟ್ ಬಾಯಿಯನ್ನು ಸೈಕಲ್ ಟ್ಯೂಬಿನ ರಬ್ಬರ್ ಮತ್ತು ತಗಡಿನಿಂದ ಬಿಗಿದು, ಕಾರ್ಬುರೇಟರ್ ಕೂರುವ ಬಾಯಿಗೆ ರಬ್ಬರ್ ಬಿರಡೆ ಕೊಟ್ಟು, ಅದರ ನಡುವೆ ಈ ಉಪಕರಣದ ಕೊಳವೆ ತೂರಿಸಿ, ರೀಡ್ ವಾಲ್ವ್ (ಒಳಮುಖವಾಗಿ ಮಾತ್ರ ತೆರೆಯುವ ಕವಾಟ) ದಾಟಿ ಗಾಳಿ ಒಳಗೆ ಹೋಗುವಂತೆ ಕೈಬುಗ್ಗೆ ಒತ್ತುತ್ತೇನೆ. ಮುಳ್ಳು 300ಕ್ಕೆ ಬಂದರೆ ಸುಮಾರು 6 ಪೌಂಡ್ ಒತ್ತಡವಾಯಿತು. ಒಂದು ನಿಮಿಷದಲ್ಲಿ ಅದು 250ಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ಸಾಬೂನು ನೀರು ಹಚ್ಚಿ ಗುಳ್ಳೆ ಎಲ್ಲಿ ಏಳುತ್ತದೆ ನೋಡಿ. ಮ್ಯಾಗ್ನೆಟ್ ಬದಿಯ ಸೀಲ್ ಹೋದರೆ ಗಾಳಿ ಎಳೆದು ಮಿಶ್ರಣ ತೆಳುವಾಗುತ್ತದೆ, ಕ್ಲಚ್ ಬದಿಯದು ಹೋದರೆ ಗೇರ್ ಆಯಿಲ್ ಎಳೆದು ಹೊಗೆ ಕಾರುತ್ತದೆ.

ಸಿಲಿಂಡರಿನ ಕಬ್ಬಿಣದ ಗೋಡೆಗೆ ಅಂಟಿದ ಅಲ್ಯೂಮಿನಿಯಮ್ಮನ್ನು ಉಜ್ಜಿ ತೆಗೆಯಬೇಡಿ. ಕೈಗವಸು ತೊಟ್ಟು, ಕನ್ನಡಕ ಹಾಕಿ, ಕಾಸ್ಟಿಕ್ ಸೋಡಾ ದ್ರಾವಣವನ್ನು ಹತ್ತಿಯಲ್ಲಿ ಆ ಜಾಗಕ್ಕೆ ಮಾತ್ರ ಮುಟ್ಟಿಸಿ. ಅಲ್ಯೂಮಿನಿಯಂ ಕರಗುತ್ತದೆ, ಕಬ್ಬಿಣ ಉಳಿಯುತ್ತದೆ. ಹೊರಗಿನ ರೆಕ್ಕೆಗಳಿಗೆ ತಾಗಿದರೆ ಅವೂ ಕರಗುತ್ತವೆ.

ಕೊನೆಗೆ, ಹೆಡ್ ತೆಗೆಸಿದ ಮೇಲೆ ಸ್ಕ್ವಿಶ್ ಅಂತರ, ಅಂದರೆ ಪಿಸ್ಟನ್ ತೀರ ಮೇಲಿದ್ದಾಗ ಅದರ ಅಂಚಿಗೂ ಹೆಡ್ಡಿಗೂ ನಡುವೆ ಉಳಿಯುವ ಸಂದು, ಅಳೆದಿದ್ದೀರಾ?

ಹೊಸೂರು_98ಸಿಸಿ

ಕುಂಬಳೆಯ ಹಿರಿಯರಿಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ತಾವು ಹೇಳಿದ್ದನ್ನೆಲ್ಲ ಈ ವಾರ ಮಾಡಿ ನೋಡಿದೆ. ಪ್ಲಗ್ಗಿನ ಪಿಂಗಾಣಿಯಲ್ಲಿ ಆ ಮಿನುಗುಗಳಿವೆ. ಪಕ್ಕದ ಮನೆಯ ನರ್ಸ್ ಅಕ್ಕನಿಂದ ಉಪಕರಣ ತಂದು ಒತ್ತಡ ನೋಡಿದೆ, ಒಂದು ನಿಮಿಷಕ್ಕೆ ಮುಳ್ಳು 300ರಿಂದ 285ಕ್ಕೆ ಮಾತ್ರ ಇಳಿಯಿತು. ಸೀಲುಗಳು ಸರಿಯಾಗಿವೆ ಎಂದು ಭಾವಿಸುತ್ತೇನೆ.

ಸ್ಕ್ವಿಶ್ ಅಳೆದಿರಲಿಲ್ಲ. ಹಳೆಯ ಪಿಸ್ಟನ್ನನ್ನೇ ಮತ್ತೆ ಕೂರಿಸಿ, ಪಿನ್ನಿನ ಸಾಲಿನಲ್ಲಿ ಎಡಕ್ಕೂ ಬಲಕ್ಕೂ ಸಾಲ್ಡರ್ ತಂತಿ ಇಟ್ಟು, ಹೆಡ್ ಬಿಗಿದು, ಕೈಯಿಂದ ಕ್ರ್ಯಾಂಕ್ ತಿರುಗಿಸಿದೆ. ಚಪ್ಪಟೆಯಾದ ತುದಿಯನ್ನು ಮೈಕ್ರೋಮೀಟರಿನಲ್ಲಿ ಹಿಡಿದರೆ ಒಂದು ಬದಿ 0.7 ಮಿ.ಮೀ., ಇನ್ನೊಂದು ಬದಿ 1.2 ಮಿ.ಮೀ. ಬಂತು. ಮೂರು ಸಲ ಮಾಡಿದರೂ ಹಾಗೆಯೇ. ಲೇತ್‌ನಲ್ಲಿ ಹೆಡ್ಡನ್ನು ನೇರವಾಗಿ ಹಿಡಿದಿರಲಿಲ್ಲ ಎಂದು ಕಾಣುತ್ತದೆ.

ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ಬಡಾವಣೆಯ ರಸ್ತೆ 400 ಮೀಟರ್ ಕೂಡ ಇಲ್ಲ. ಅಲ್ಲಿ ಓಡಿಸಿದ ಮೇಲೆ ಮನೆಯವರೆಗೆ ನಿಧಾನವಾಗಿ ಬಂದು ಪ್ಲಗ್ ಬಿಚ್ಚುತ್ತಿದ್ದೆ. ಎಕ್ಸ್‌ಪಾನ್ಶನ್ ಚೇಂಬರನ್ನೂ ಅಳೆದೆ: ಪಿಸ್ಟನ್ ಮುಖದಿಂದ ಹಿಂದಿನ ಕೋನಿನ ನಡುವಿನವರೆಗೆ 905 ಮಿ.ಮೀ. ಇದೆ. ನನಗೆ 9500 ಆರ್‌ಪಿಎಮ್‌ನಲ್ಲಿ ಶಕ್ತಿ ಬೇಕು. ಪೈಪ್ ಕತ್ತರಿಸಬೇಕೇ?

ಅಕ್ಕಲಕೋಟೆ_ಪೈಪ್

ಮನೆಯವರೆಗೆ ನಿಧಾನ ಬಂದ ಪ್ಲಗ್ಗಿನಲ್ಲಿ ನೀವು ಓದಿದ್ದು ನಿಧಾನ ಓಟದ ಬಣ್ಣವನ್ನು. ಪೂರ್ತಿ ಥ್ರಾಟಲ್‌ನಲ್ಲಿ, ಮೇಲಿನ ಗೇರಿನಲ್ಲಿ ಸ್ವಲ್ಪ ದೂರ ಓಡಿಸಿ, ಅದೇ ಸ್ಥಿತಿಯಲ್ಲಿ ಕ್ಲಚ್ ಹಿಡಿದು ಇಗ್ನಿಷನ್ ಆರಿಸಿ, ಗಾಡಿ ತಾನಾಗಿ ನಿಂತ ಜಾಗದಲ್ಲೇ ಪ್ಲಗ್ ಬಿಚ್ಚಬೇಕು. ನೋಡಬೇಕಾದದ್ದು ಪಿಂಗಾಣಿಯ ತುದಿಯನ್ನಲ್ಲ, ಅದು ಲೋಹದೊಳಗೆ ಇಳಿಯುವ ಬುಡದ ಉಂಗುರವನ್ನು.

ಪೈಪಿನ ಲೆಕ್ಕ ಹೀಗಿದೆ. ಎಕ್ಸಾಸ್ಟ್ ತೆರೆದಾಗ ಹೊರಟ ಒತ್ತಡದ ಅಲೆ ಹಿಂದಿನ ಕೋನಿಗೆ ಬಡಿದು ಮರಳಿ, ಪೋರ್ಟ್ ಮುಚ್ಚುವ ಮುನ್ನ ಬಂದು ಸೇರಬೇಕು, ಹೊರಗೆ ಜಾರಿದ ಹಸಿ ಮಿಶ್ರಣವನ್ನು ಒಳಗೆ ತಳ್ಳಬೇಕು. ಬಿಸಿ ಹೊಗೆಯಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 510 ಮೀಟರ್ ಎಂದು ಹಿಡಿಯಿರಿ. ಆ ವೇಗವನ್ನು ಮಿಲಿಮೀಟರಿನಲ್ಲಿ ಬರೆದು 184 ಡಿಗ್ರಿಯಿಂದ ಗುಣಿಸಿ, 12ರಿಂದಲೂ ಆರ್‌ಪಿಎಮ್‌ನಿಂದಲೂ ಭಾಗಿಸಿದರೆ ಉದ್ದ ಸಿಗುತ್ತದೆ. 9500ಕ್ಕೆ ಅದು 823 ಮಿ.ಮೀ. ನಿಮ್ಮ 905 ಮಿ.ಮೀ. ಪೈಪ್ ಸುಮಾರು 8600ಕ್ಕೆ ಹೊಂದುತ್ತದೆ.

ಆದರೂ ಕತ್ತರಿಸಬೇಡಿ ಎಂದೇ ನನ್ನ ಮಾತು. ಆರ್‌ಎಕ್ಸ್ 100ಕ್ಕೆ ಇರುವುದು ನಾಲ್ಕೇ ಗೇರು. ಪೈಪ್ ಮೊಟಕು ಮಾಡಿದರೆ ಶಕ್ತಿ ಮೇಲಿನ ಕಿರಿದಾದ ಪಟ್ಟಿಯಲ್ಲಿ ಸಿಗುತ್ತದೆ, ಗೇರ್ ಬದಲಿಸಿದ ಪ್ರತಿ ಸಲವೂ ಇಂಜಿನ್ ಆ ಪಟ್ಟಿಯಿಂದ ಕೆಳಗೆ ಬೀಳುತ್ತದೆ. ಆರು ಗೇರಿನ ಗಾಡಿಗೆ ನಡೆಯುವುದು ನಾಲ್ಕು ಗೇರಿನದಕ್ಕೆ ನಡೆಯದು. ಮೂಲ ಇಂಜಿನ್ 7500 ಆರ್‌ಪಿಎಮ್‌ನಲ್ಲಿ 11 ಅಶ್ವಶಕ್ತಿ ಕೊಡುತ್ತಿತ್ತು. ಅಲ್ಲಿಂದ 8600ಕ್ಕೆ ಏರಿಸಿದ್ದೇ ದೊಡ್ಡ ಹೆಜ್ಜೆ. ಹಿಂದಿನ ಸ್ಪ್ರಾಕೆಟ್ಟಿನ ಹಲ್ಲು ಬದಲಿಸಿ, ನೇರ ದಾರಿಯ ಕೊನೆಯಲ್ಲಿ ಇಂಜಿನ್ 8800ರ ಆಸುಪಾಸು ಇರುವಂತೆ ನೋಡಿಕೊಳ್ಳಿ.

ಪೋರ್ಟಿನ ಬಗ್ಗೆ ನಿಮ್ಮ ಗೆಳೆಯರ ದೂರು ನನಗೆ ಸರಿ ಕಾಣುವುದಿಲ್ಲ. 184 ಮತ್ತು 122ರ ನಡುವೆ ಪ್ರತಿ ಬದಿಗೆ 31 ಡಿಗ್ರಿ ಅಂತರವಿದೆ, ಟ್ರಾನ್ಸ್‌ಫರ್ ತೆರೆಯುವ ಮುನ್ನ ಒತ್ತಡ ಇಳಿಯಲು ಈ ವೇಗಕ್ಕೆ ಅಷ್ಟು ಸಾಕು. ಅಗಲವನ್ನು ಮಾತ್ರ ಅಳೆಯಿರಿ. ನಡುಗಂಬ ಇಲ್ಲದ ಪೋರ್ಟ್ ಬೋರಿನ ಶೇಕಡ 65, ಅಂದರೆ 32.5 ಮಿ.ಮೀ. ದಾಟಿದರೆ ರಿಂಗ್ ಹೊರಗೆ ಉಬ್ಬಿ ಸಿಕ್ಕಿಕೊಳ್ಳುವ ಅಪಾಯವಿದೆ.

ಈ ವಿದ್ಯೆಯ ಬಗ್ಗೆ ಒಂದು ಮಾತು ಬರೆಯದಿರಲಾರೆ. ಪೂರ್ವ ಜರ್ಮನಿಯ ಎಂಜೆಡ್ ಬೈಕು ಕಾರ್ಖಾನೆಯಲ್ಲಿ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರ್ ಕೊರತೆಗಳ ನಡುವೆಯೇ ಈ ಪೈಪಿನ ಅಲೆಗಳನ್ನು ಪಳಗಿಸಿ, 1961ರ ಹೊತ್ತಿಗೆ 125 ಸಿಸಿ ಇಂಜಿನ್ನಿನಿಂದ 25 ಅಶ್ವಶಕ್ತಿ ತೆಗೆದಿದ್ದರು. ಅದೇ ವರ್ಷ ಅವರ ಸವಾರ ಅರ್ನ್‌ಸ್ಟ್ ಡೆಗ್ನರ್ ಸ್ವೀಡನ್ನಿನ ಓಟದ ಹೊತ್ತಿಗೆ ದೇಶ ಬಿಟ್ಟು ಸುಜುಕಿ ಸೇರಿದರು, 1962ರಲ್ಲಿ 50 ಸಿಸಿ ವಿಶ್ವ ಚಾಂಪಿಯನ್ ಆದರು. ಅದೇ ಸುಜುಕಿಯ ಸಹಯೋಗದಲ್ಲಿ 1984ರಲ್ಲಿ ನಿಮ್ಮ ಹೊಸೂರಿನಿಂದಲೇ 100 ಸಿಸಿ ಟು ಸ್ಟ್ರೋಕ್ ಬೈಕು ಹೊರಬಂತು. ನಿಮ್ಮ ಊರಿನಲ್ಲಿ ಈ ಕೆಲಸ ಮಾಡುವವರೊಬ್ಬರು ಇದ್ದಾರೆಂದು ತಿಳಿದು ನನಗೆ ನಿಜವಾಗಿ ಸಂತೋಷವಾಯಿತು.

ಕುಂಬಳೆ_ಲೇತ್

0.7 ಮತ್ತು 1.2 ಎಂದರೆ ಡಿಟೊನೇಶನ್ನಿಗೆ ಅಗಲವಾದ ಬದಿಯೇ ಆಶ್ರಯ ಕೊಟ್ಟಿದೆ. ಅಂತರ ಕಿರಿದಾಗಿದ್ದಲ್ಲಿ ಮಿಶ್ರಣ ಲೋಹಕ್ಕೆ ತಾಗಿ ತಣ್ಣಗಿರುತ್ತದೆ, ಅಗಲವಾದಲ್ಲಿ ಸಿಡಿಯಲು ಕಾದಿರುತ್ತದೆ. ಹೆಡ್ಡನ್ನು ಪ್ಲಗ್ ಕೂರುವ ತಿರುಪಿನ ಮರೆಗೆ ಮ್ಯಾಂಡ್ರಿಲ್ (ಲೇತ್‌ನಲ್ಲಿ ಹಿಡಿಯುವ ದಂಡ) ಕೊಟ್ಟು ಹಿಡಿದು, ಡಯಲ್ ಗೇಜಿನಲ್ಲಿ ನೋಡಿ ಮತ್ತೆ ತಿರುಗಿಸಲಿ. ಸುತ್ತಲೂ 0.9 ಮಿ.ಮೀ. ಬಂದರೆ ಸಾಕು. ಪಾಯಿಂಟಿನ ಅಂತರವನ್ನೂ ನೋಡಿಕೊಳ್ಳಿ. ಅಂತರ ಹೆಚ್ಚಾದರೆ ಕಿಡಿ ಮುಂಚೆ ಬರುತ್ತದೆ, ಆ ಬಿಸಿ ಪಿಸ್ಟನ್ನಿಗೇ ಹೋಗುತ್ತದೆ.

ಹೊಸೂರು_98ಸಿಸಿ

ಹೆಡ್ಡನ್ನು ಬೇರೆ ಲೇತಿಗೆ ಕೊಟ್ಟಿದ್ದೇನೆ, ಈ ಸಲ ನಾನೇ ಪಕ್ಕದಲ್ಲಿ ನಿಂತು ಡಯಲ್ ನೋಡುತ್ತೇನೆ. ಪೋರ್ಟಿನ ಅಗಲ 31 ಮಿ.ಮೀ. ಇದೆ. ಪೈಪ್ ಹಾಗೆಯೇ ಇರಲಿ. 135, 140 ಮತ್ತು 145ರ ಜೆಟ್ ತರಿಸಿದ್ದೇನೆ. ಟ್ರ್ಯಾಕಿನಲ್ಲಿ ಯಾವುದರಿಂದ ಶುರು ಮಾಡಲಿ?

ಕುಂಬಳೆ_ಲೇತ್

145ರಿಂದ. ನೇರ ದಾರಿಯಲ್ಲಿ ಗಾಡಿ ತೊದಲಿದರೆ ಹೆದರಬೇಡಿ, ಅದು ಪೆಟ್ರೋಲ್ ಹೆಚ್ಚಾದ ತೊದಲು. ಒಂದೊಂದೇ ಸಂಖ್ಯೆ ಇಳಿಸುತ್ತಾ ಬಂದು ತೊದಲು ನಿಂತ ಜೆಟ್ಟಿನಲ್ಲೇ ನಿಲ್ಲಿಸಿ, ಪ್ಲಗ್ ಓದಿ. ಹತ್ತು ಗಂಟೆಗೆ ಬಿಸಿಲೇರಿದ ಮೇಲೆ ಮತ್ತೊಮ್ಮೆ ಓದಿ. ಅಂದಿನ ಉಷ್ಣಾಂಶ, ಹೊತ್ತು, ಜೆಟ್ಟಿನ ಸಂಖ್ಯೆ ಮೂರನ್ನೂ ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಸಾಧ್ಯವಾದರೆ ಇಲ್ಲಿಯೂ ಹಾಕಿ.