ಹುಬ್ಬಳ್ಳಿ-ಧಾರವಾಡದಲ್ಲಿ ಮೆಡಿಕಲ್ ಕೋಡರ್‌ಗಳೂ ಎಂಆರ್‌ಡಿಯವರೂ (ಆಸ್ಪತ್ರೆಯ ರೆಕಾರ್ಡ್ ವಿಭಾಗದವರು) ಕೂಡಿ ಒಂದು ಸಂಘ ಮಾಡಬಹುದಾ?

ವಿದ್ಯಾನಗರದ ಕೋಡರ್:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾನು ಐದು ವರ್ಷದಿಂದ ಮೆಡಿಕಲ್ ಕೋಡಿಂಗ್ ಮಾಡುತ್ತಿದ್ದೇನೆ, ಅಂದರೆ ರೋಗಿಯ ಚಾರ್ಟ್ ಓದಿ ಕಾಯಿಲೆಗೂ ಚಿಕಿತ್ಸೆಗೂ ಕೋಡ್ ಹಾಕುವ ಕೆಲಸ; ನನ್ನದು ಅಮೆರಿಕದ ಔಟ್‌ಪೇಷಂಟ್ ಚಾರ್ಟ್‌ಗಳು. ಮೊದಲು ಬೆಂಗಳೂರಲ್ಲಿದ್ದೆ, ಈಗ ಮೂರು ವರ್ಷದಿಂದ ಹುಬ್ಬಳ್ಳಿ ವಿದ್ಯಾನಗರದ ಮನೆಯಿಂದಲೇ ಕೆಲಸ. ಕೋಡರ್‌ಗಳ ಸಿಪಿಸಿ ಪರೀಕ್ಷೆ ಆಗಿದೆ. ಅದನ್ನು ನಡೆಸುವ ಅಮೆರಿಕದ ಕೋಡರ್‌ಗಳ ಸಂಸ್ಥೆ ಎಎಪಿಸಿಗೆ ಪ್ರತಿ ವರ್ಷ ಮೆಂಬರ್‌ಶಿಪ್ ಕಟ್ಟುತ್ತೇನೆ. ಎರಡು ವರ್ಷಕ್ಕೆ 36 ಸಿಇಯು (ಮುಂದುವರಿದ ಕಲಿಕೆಯ ಪಾಯಿಂಟ್) ತೋರಿಸಬೇಕಲ್ಲ, ಅದನ್ನೂ ತುಂಬಿಸುತ್ತೇನೆ. ರಾತ್ರಿ ಊಟ ಆದ ಮೇಲೆ ವೆಬಿನಾರ್ ಹಚ್ಚಿಕೊಂಡು ಕೂರುವುದು, ಕೊನೆಯ ಪ್ರಶ್ನೆಗಳಿಗೆ ಉತ್ತರ ಕೊಡುವುದು, ಸರ್ಟಿಫಿಕೇಟ್ ಇಳಿಸಿಕೊಳ್ಳುವುದು. ಅದರಿಂದ ಏನೂ ಕಲಿತಿಲ್ಲ ಅಂತಲ್ಲ. ಆದರೆ ಊರಿಗೆ ಬಂದ ಮೇಲೆ ಇದೇ ಕೆಲಸ ಮಾಡುವ ಇನ್ನೊಬ್ಬರ ಎದುರು ಕೂತು ಒಂದು ಚಾರ್ಟ್ ಬಗ್ಗೆ ಬಾಯಿ ಬಿಟ್ಟು ಮಾತಾಡಿದ್ದು ಒಂದು ಸಲವೂ ಇಲ್ಲ.

ಹೋದ ತಿಂಗಳು ಕಂಪನಿಯವರು ಕೋಡ್ ಪರಿಶೀಲಿಸುವ ಆಡಿಟ್‌ನಲ್ಲಿ ನನ್ನ ಒಂದು ಚಾರ್ಟ್ ತಪ್ಪು ಅಂತ ಬಂತು. ಡಾಕ್ಟರ ಭೇಟಿಗೆ ನಾನು 99214 ಕೋಡ್ ಕೊಟ್ಟಿದ್ದೆ, ಅವರು ಒಂದು ಹಂತ ಕೆಳಗಿನ 99213 ಮಾಡಿದರು. ರೋಗಿಗೆ ಶುಗರ್, ಬಿಪಿ ಎರಡೂ ಹತೋಟಿಯಲ್ಲಿವೆ. ಪ್ಲಾನ್‌ನಲ್ಲಿ ಡಾಕ್ಟರು ಬರೆದಿದ್ದು 'ಕಂಟಿನ್ಯೂ ಮೆಟ್‌ಫಾರ್ಮಿನ್' ಅಂತ ಮಾತ್ರ. ಅದು 99214ಕ್ಕೆ ಲೆಕ್ಕಕ್ಕೆ ಬರುವ ಪ್ರಿಸ್ಕ್ರಿಪ್ಷನ್ ಡ್ರಗ್ ಮ್ಯಾನೇಜ್‌ಮೆಂಟ್ (ಔಷಧಿಯ ನಿರ್ವಹಣೆ) ಆಗುತ್ತದೋ ಇಲ್ಲವೋ? ಯಾಕೆ ಆಗುವುದಿಲ್ಲ ಅಂತ ಕೇಳಿದೆ. ಎರಡು ದಿನ ಬಿಟ್ಟು 'ಗೈಡ್‌ಲೈನ್ ನೋಡಿ' ಅಂತ ಒಂದು ಸಾಲು ಬಂತು. ಗೈಡ್‌ಲೈನ್ ನೋಡಿಯೇ ಅಲ್ವಾ ಕೋಡ್ ಹಾಕಿದ್ದು. ಆವತ್ತು ಬಹಳ ಬೇಜಾರಾಯಿತು.

ಅದೇ ವಾರ ಅಮ್ಮನ ಹಳೇ ರಿಪೋರ್ಟ್ ಬೇಕಾಗಿ ಒಂದು ಆಸ್ಪತ್ರೆಗೆ ಹೋಗಿದ್ದೆ. ರೆಕಾರ್ಡ್ ರೂಮಿನಲ್ಲಿ ಒಬ್ಬ ಅಕ್ಕ ಕೇಸ್ ಶೀಟ್ ಜೋಡಿಸುತ್ತಾ, ಪಕ್ಕದಲ್ಲಿ ರಟ್ಟು ಕಿತ್ತುಹೋದ ಐಸಿಡಿ-10 (ಕಾಯಿಲೆಗಳ ಕೋಡ್) ಪುಸ್ತಕ ಇಟ್ಟುಕೊಂಡು ಫೈಲಿನ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ಕೋಡ್ ಬರೆಯುತ್ತಿದ್ದರು. ನಾನೂ ಕೋಡರ್ ಅಂದೆ. ಕುರ್ಚಿ ಸರಿಸಿ ಕೂರಿಸಿದರು. ಇಪ್ಪತ್ತು ನಿಮಿಷ ಮಾತಾಡಿದೆವು. ಒಂದೇ ಊರಲ್ಲಿ ಒಂದೇ ಕಸುಬು ಮಾಡುವವರು ಇಷ್ಟು ದಿನ ಒಬ್ಬರಿಗೊಬ್ಬರು ಗೊತ್ತೇ ಇರಲಿಲ್ಲ ಅನ್ನಿಸಿತು.

ಈಗ ಪ್ರಶ್ನೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಇರುವ ನಮ್ಮಂಥವರೆಲ್ಲ ಕೂಡುವ ಒಂದು ಸಂಘ ಮಾಡಬಹುದಾ? ಎಎಪಿಸಿ ಚಾಪ್ಟರ್ (ಸ್ಥಳೀಯ ಶಾಖೆ) ಅಂತಲೇ ಮಾಡಬೇಕಾ, ನಮ್ಮದೇ ಬೇರೆ ಮಾಡಬೇಕಾ? ಕೂಡಿದಾಗ ಏನು ಮಾಡುವುದು? ಭಾನುವಾರ ಮನೆ ಕೆಲಸ ಬಿಟ್ಟು ಯಾರಾದರೂ ಬರುತ್ತಾರಾ? ಅನುಭವ ಇದ್ದವರು ಹೇಳಿ.

ಧಾರವಾಡದ ರೆಕಾರ್ಡ್ ರೂಮ್:

ತಂಗಿ, ನೀನು ಮಾತಾಡಿಸಿದ ಅಕ್ಕ ನಾನಲ್ಲ, ಆದರೆ ನಾನೂ ಅಂಥವಳೇ. ಎಂಆರ್‌ಡಿಯಲ್ಲಿ 22 ವರ್ಷ. ನಾನು ಬರುತ್ತೇನೆ, ಮೊದಲ ಹೆಸರು ನನ್ನದು ಬರೆದುಕೋ.

ನಮ್ಮ ಕೆಲಸ ಅಂದರೆ ಫೈಲ್ ಜೋಡಿಸುವುದು ಅಂತ ಆಸ್ಪತ್ರೆಯೊಳಗಿನವರೇ ಎಷ್ಟೋ ಜನ ತಿಳಿದಿದ್ದಾರೆ. ಒಂದು ಉದಾಹರಣೆ ಹೇಳುತ್ತೇನೆ. ಆಸ್ಪತ್ರೆಯಲ್ಲಿ ಯಾರಾದರೂ ತೀರಿಕೊಂಡರೆ ಸಾವಿನ ಕಾರಣ ಬರೆಯುವ ಫಾರ್ಮ್ 4 ಇರುತ್ತದೆ. ಹಿಂದೆ ಒಂದು ಸಲ ನನ್ನ ಟೇಬಲ್‌ಗೆ ಬಂದ ಫಾರ್ಮ್‌ನಲ್ಲಿ 'ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್' ಅಂತ ಒಂದೇ ಸಾಲು. ಕೆಳಗಿನ ಎರಡೂ ಸಾಲು ಖಾಲಿ. ಹೃದಯ ನಿಂತು, ಉಸಿರು ನಿಂತು ಹೋಗದೆ ಸತ್ತವರು ಯಾರಿದ್ದಾರೆ ಹೇಳು? ಅದು ಸಾವು ಬಂದ ಬಗೆ, ಕಾರಣ ಅಲ್ಲ. ಫೈಲ್ ತೆಗೆದು ನರ್ಸಿಂಗ್ ನೋಟ್ಸ್ ಓದಿದೆ. ಹೊಲದಲ್ಲಿ ಕೆಲಸ ಮಾಡುವ ಮನುಷ್ಯ, ಹಳೇ ಶುಗರ್, ಕಾಲಿನ ಬೆರಳು ಕಪ್ಪಾಗಿ ಗ್ಯಾಂಗ್ರೀನ್ ಆಗಿ, ನಂಜು ರಕ್ತಕ್ಕೆ ಏರಿತ್ತು. ಡ್ಯೂಟಿ ಮುಗಿಸಿ ಹೊರಟ ಡಾಕ್ಟರನ್ನು ಲಿಫ್ಟ್ ಹತ್ತಿರ ಹಿಡಿದು ಫಾರ್ಮ್ ತೋರಿಸಿದೆ. ಅವರು ಅಲ್ಲೇ ಗೋಡೆಗೆ ಫೈಲ್ ಒತ್ತಿ ಹಿಡಿದು ತಿದ್ದಿ ಬರೆದರು: ಮೇಲೆ ಸೆಪ್ಟಿಸೀಮಿಯಾ, ಅದಕ್ಕೆ ಕಾರಣ ಕಾಲಿನ ಗ್ಯಾಂಗ್ರೀನ್, ಅದಕ್ಕೆ ಕಾರಣ ಟೈಪ್ 2 ಡಯಾಬಿಟಿಸ್. ಕೋಡ್ ಇ11.5 ಆಯಿತು. ಖಾಲಿ ಬಿಟ್ಟಿದ್ದರೆ ಆ ಮನುಷ್ಯ ಶುಗರ್‌ನಿಂದ ಹೋದ ಅಂತ ಸರ್ಕಾರದ ಲೆಕ್ಕಕ್ಕೆ ಬರುತ್ತಲೇ ಇರಲಿಲ್ಲ.

ಇದನ್ನು ನನಗೆ ಯಾರೂ ಕೂರಿಸಿ ಹೇಳಿಕೊಟ್ಟಿಲ್ಲ. ತಪ್ಪು ಮಾಡಿ ಮಾಡಿ ಕಲಿತೆ. ಅದಕ್ಕೇ ಸಂಘ ಬೇಕು ಅನ್ನುವುದು.

ಅಮೆರಿಕದಲ್ಲಿ ಈಗ ರೆಕಾರ್ಡ್ ಕೆಲಸದವರ ಸಂಘ ಅಹಿಮಾ ಅಂತ ಇದೆಯಲ್ಲ, ಅದು ಶುರುವಾಗಿದ್ದು 1928ರಲ್ಲಿ, ಬಾಸ್ಟನ್‌ನಲ್ಲಿ, ಆಸ್ಪತ್ರೆಗಳ ರೆಕಾರ್ಡ್ ನೋಡಿಕೊಳ್ಳುವವರು ಕೂಡಿಕೊಂಡು. ಮೊದಲ ಅಧ್ಯಕ್ಷೆ ಗ್ರೇಸ್ ವೈಟಿಂಗ್ ಮೈಯರ್ಸ್, ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ರೆಕಾರ್ಡ್ ಲೈಬ್ರರಿಯನ್. ಅಂದರೆ ನಮ್ಮಂಥ ರೆಕಾರ್ಡ್ ರೂಮಿನ ಹೆಣ್ಣುಮಗಳೇ. ನನಗೆ ಇದು ಗೊತ್ತಾದ ದಿನ ಬಹಳ ಖುಷಿಯಾಗಿತ್ತು.

ಒಂದೇ ಮಾತು, ಸಂಘಕ್ಕೆ ಎಎಪಿಸಿ ಅಂತಲೇ ಹೆಸರಿಟ್ಟರೆ ನಮ್ಮ ಎಂಆರ್‌ಡಿ ಹುಡುಗರು ಇದು ಅಮೆರಿಕದ ಕೆಲಸದವರಿಗೆ ಅಂದುಕೊಂಡು ದೂರ ಉಳಿಯುತ್ತಾರೆ. ಅದನ್ನು ನೋಡಿಕೋ.

ಗದಗದ ಆಡಿಟರ್:

ಬೆಂಗಳೂರಲ್ಲಿ ಇದ್ದಾಗ ಎರಡು ವರ್ಷ ಒಂದು ಚಾಪ್ಟರ್‌ನಲ್ಲಿ ಓಡಾಡಿ ಕೆಲಸ ಮಾಡಿದ್ದೇನೆ. ಈಗ ಗದಗದಿಂದಲೇ ಆಡಿಟ್ ಮಾಡುತ್ತೇನೆ. ಅದಕ್ಕೆ ಸ್ವಲ್ಪ ಅಧಿಕಾರದಿಂದ ಹೇಳುತ್ತೇನೆ ಮೇಡಂ, ತಪ್ಪು ತಿಳಿಯಬೇಡಿ.

ಚಾಪ್ಟರ್ ಅಂದರೆ ಪದಾಧಿಕಾರಿಗಳು ಬೇಕು, ವರ್ಷದ ಕಾರ್ಯಕ್ರಮ ಬೇಕು, ಲೆಕ್ಕ ಇಡಬೇಕು, ಮೇಲಿನಿಂದ ಒಪ್ಪಿಗೆ ಬೇಕು. ಆದ ಮೇಲೆ ಅನುಕೂಲ ದೊಡ್ಡದು: ಒಪ್ಪಿಗೆ ಇರುವ ಒಂದು ಗಂಟೆಯ ಪಾಠಕ್ಕೆ ಒಂದು ಸಿಇಯು ಸಿಗುತ್ತದೆ. ಹಾಗಂತ ಮೊದಲೇ ಅದರ ಹಿಂದೆ ಬೀಳಬೇಡಿ. ನಾನು ನೋಡಿದ್ದು ಏನೆಂದರೆ ಸಿಇಯುಗಾಗಿ ಬಂದವರು ಸಹಿ ಹಾಕಿ, ಟೀ ಕುಡಿದು, ಫೋನ್ ನೋಡುತ್ತಾ ಕೂತು ಹೋಗುತ್ತಾರೆ. ಚಾರ್ಟ್ ಮುಂದೆ ಇಟ್ಟ ದಿನ ಮಾತ್ರ ಜನ ಎದ್ದು ನಿಂತು ವಾದ ಮಾಡುತ್ತಾರೆ. ಆರು ತಿಂಗಳು ಸುಮ್ನೆ ಕೂಡಿ. ಅಷ್ಟರಲ್ಲಿ ಯಾರು ನಿಜವಾಗಿ ಬರುವವರು ಅಂತ ಗೊತ್ತಾಗುತ್ತದೆ, ಆಮೇಲೆ ಅರ್ಜಿ ಹಾಕೋಣ.

ಚಾರ್ಟ್ ಇಡುವುದು ಅಂದೆನಲ್ಲ, ಇದನ್ನು ಮಾತ್ರ ಎಲ್ಲರೂ ಗಮನ ಇಟ್ಟು ಓದಿ. ಕಂಪನಿಯ ಚಾರ್ಟ್, ಸ್ಕ್ರೀನ್‌ಶಾಟ್, ಫೋನ್ ಫೋಟೋ ಯಾವುದೂ ಬರಬಾರದು. ಹೆಸರು ಅಳಿಸಿದ್ದೇನೆ ಅಂದರೆ ಸಾಲದು. ರೋಗಿಯ ಗುಟ್ಟು ಕಾಯುವ ಅಮೆರಿಕದ ಹಿಪಾ ನಿಯಮದಲ್ಲಿ ಗುರುತು ತೆಗೆಯಬೇಕಾದರೆ 18 ಬಗೆಯ ವಿವರ ತೆಗೆಯಬೇಕು: ದಾಖಲೆ ನಂಬರ್, ಅಡ್ಮಿಟ್ ಆದ ತಾರೀಖು, ಫೋನ್, ಮುಖದ ಫೋಟೋ, ಎಲ್ಲಾ. 89 ದಾಟಿದವರ ವಯಸ್ಸು ಕೂಡ ಹಾಗೇ ಬರೆಯುವಂತಿಲ್ಲ. ಒಂದು ಸಲ ಒಬ್ಬ ಹುಡುಗ ಹೆಸರಿನ ಮೇಲೆ ಕಪ್ಪು ಸ್ಕೆಚ್ ಪೆನ್ ಎಳೆದು ಪ್ರಿಂಟ್ ತಂದಿದ್ದ. ಟ್ಯೂಬ್‌ಲೈಟ್‌ಗೆ ಹಿಡಿದರೆ ಹೆಸರು ಪೂರ್ತಿ ಓದಲು ಬರುತ್ತಿತ್ತು. ಅಲ್ಲೇ ಹರಿದು ಹಾಕಿಸಿದೆ. ಈಗ ನಮ್ಮ ದೇಶದಲ್ಲೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಇದೆ. ಅದಕ್ಕೆ ಚಾರ್ಟ್ ನಾವೇ ಕೂತು ಬರೆಯೋಣ. ನಾನು ವಾರಕ್ಕೊಂದು ಬರೆದು ಕೊಡುತ್ತೇನೆ, ರೋಗಿ ಇಲ್ಲ, ಊರಿಲ್ಲ, ಕಾಯಿಲೆ ಮಾತ್ರ ನಿಜ.

ಇನ್ನು ದುಡ್ಡು. ಮೊದಲ ವರ್ಷ ಯಾರಿಂದಲೂ ಫೀಸ್ ತೆಗೆದುಕೊಳ್ಳಬೇಡಿ. ಕೋಚಿಂಗ್ ಸೆಂಟರ್‌ನವರು ಹಾಲ್ ಕೊಡುತ್ತೇವೆ, ಬ್ಯಾನರ್ ಹಾಕುತ್ತೇವೆ ಅಂತ ಬರುತ್ತಾರೆ. ಬೇಡ.

ಕೊನೆಯದು, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು. 2021ರಲ್ಲಿ ಸಂಸತ್ತು ಅಲೈಡ್ ಹೆಲ್ತ್ ವೃತ್ತಿಗಳಿಗೆ ಒಂದು ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿದೆ. ಅದರ ಪಟ್ಟಿಯಲ್ಲಿ ಹೆಲ್ತ್ ಇನ್ಫರ್ಮೇಷನ್ ಮ್ಯಾನೇಜ್‌ಮೆಂಟ್ ಒಂದು ವರ್ಗ, ಅದರೊಳಗೆ ಮೆಡಿಕಲ್ ರೆಕಾರ್ಡ್ಸ್ ಅನಲಿಸ್ಟ್ ಇದ್ದಾರೆ, ಕ್ಲಿನಿಕಲ್ ಕೋಡರ್ ಅಂತ ಹೆಸರು ಹಾಕಿಯೇ ಬರೆದಿದ್ದಾರೆ. ಧಾರವಾಡದ ಅಕ್ಕನೂ ನೀವೂ ಒಂದೇ ವರ್ಗ, ಕಾನೂನಿನ ಕಣ್ಣಲ್ಲಿ. ಯಾವ ಓದು ಇರಬೇಕು, ರಿಜಿಸ್ಟರ್‌ನಲ್ಲಿ ಯಾರ ಹೆಸರು ಸೇರಬೇಕು ಅನ್ನುವ ಮಾತು ಬಂದಾಗ ನಮ್ಮ ಕಡೆಯಿಂದ ಬರೆದು ಕೊಡುವವರು ಬೇಕು. ಒಬ್ಬೊಬ್ಬರೇ ಬರೆದರೆ ಯಾರು ಓದುತ್ತಾರೆ?

ಹಾವೇರಿ ಫ್ರೆಷರ್:

ಸರ್, ಅಕ್ಕ, ನಾನೂ ಬರಬಹುದಾ? ಬಿಎಸ್ಸಿ ಮುಗಿಸಿದ್ದೇನೆ. ಒಂದು ಇನ್‌ಸ್ಟಿಟ್ಯೂಟ್‌ನವರು ನೂರಕ್ಕೆ ನೂರು ಕೆಲಸ ಗ್ಯಾರಂಟಿ ಅಂದರು, ಅಪ್ಪ ಆ ವರ್ಷದ ಹತ್ತಿ ದುಡ್ಡಿನಲ್ಲಿ ಫೀಸ್ ಕಟ್ಟಿದರು. ನಾಲ್ಕು ತಿಂಗಳು ಪಿಪಿಟಿ ಓದಿಸಿದರು, ಒಂದೂ ಚಾರ್ಟ್ ತೋರಿಸಲಿಲ್ಲ. ಆಮೇಲೆ ನಾನೇ ಓದಿಕೊಂಡು ಪರೀಕ್ಷೆ ಬರೆದೆ, 100 ಪ್ರಶ್ನೆ, 4 ಗಂಟೆ, ಪಾಸಾದೆ. ಆದರೆ ಸಿಕ್ಕಿದ್ದು ಸಿಪಿಸಿ-ಎ, ಅಂದರೆ ಇನ್ನೂ ಅಪ್ರೆಂಟಿಸ್. ಆ 'ಎ' ನೋಡಿದ ಕೂಡಲೇ ಅನುಭವ ಇಲ್ಲ ಅಂತ ಇಂಟರ್‌ವ್ಯೂನಲ್ಲಿ ಕಳಿಸುತ್ತಾರೆ. ಕೆಲಸ ಕೊಡದೆ ಅನುಭವ ಎಲ್ಲಿಂದ ಬರಬೇಕು ಸರ್? ಅಪ್ಪ ಏನೂ ಅನ್ನುವುದಿಲ್ಲ. ಅದೇ ಕಷ್ಟ.

ಗದಗದ ಆಡಿಟರ್:

ಬರಬಹುದಾ ಅಂತ ಕೇಳಬೇಡ ತಂಗಿ, ಬಾ. ಎರಡು ವರ್ಷ ಕೆಲಸ ಮಾಡಿದ ಪತ್ರ ಕೊಟ್ಟರೆ 'ಎ' ಹೋಗುತ್ತದೆ. 80 ಗಂಟೆಗೆ ಕಡಿಮೆಯಿಲ್ಲದ ಕೋಡಿಂಗ್ ಕೋರ್ಸ್ ಮುಗಿಸಿದ ದಾಖಲೆ ಇದ್ದರೆ ಅದು ಒಂದು ವರ್ಷಕ್ಕೆ ಸಮ. ನೀನು ದುಡ್ಡು ಕಟ್ಟಿದ ಕೋರ್ಸಿನ ಸರ್ಟಿಫಿಕೇಟ್‌ನಲ್ಲಿ ಎಷ್ಟು ಗಂಟೆ ಅಂತ ಬರೆದಿದ್ದಾರಾ ನೋಡು. ಬರೆದಿಲ್ಲದಿದ್ದರೆ ಬರೆಸಿಕೋ, ಅಷ್ಟಾದರೂ ಅವರು ಕೊಡಬೇಕು. ಬರುವಾಗ ನಿನ್ನ ಪುಸ್ತಕಗಳನ್ನು ತಾ.

ನವನಗರ:

ಒಂದು ಅನುಮಾನ. ವಾಟ್ಸಾಪ್ ಗ್ರೂಪ್ ಮಾಡಿದರೆ ಸಾಕಲ್ವಾ? ಮತ್ತೆ ಈಗ ಸಾಫ್ಟ್‌ವೇರೇ ಕೋಡ್ ಸೂಚಿಸುತ್ತದೆ, ಇನ್ನೈದು ವರ್ಷಕ್ಕೆ ನಾವು ಇರುತ್ತೇವೋ ಇಲ್ಲವೋ.

ಧಾರವಾಡದ ರೆಕಾರ್ಡ್ ರೂಮ್:

ಗ್ರೂಪ್ ಇರಲಿ ತಮ್ಮಾ, ಬೇಡ ಅನ್ನುವುದಿಲ್ಲ. ಗ್ರೂಪಿನಲ್ಲಿ ಗೊತ್ತಿದ್ದವರು ಉತ್ತರ ಹಾಕುತ್ತಾರೆ, ಗೊತ್ತಿಲ್ಲದವರು ಸುಮ್ಮನಿರುತ್ತಾರೆ. ಎದುರು ಕೂತರೆ ಗೊತ್ತಿಲ್ಲದವರ ಮುಖ ಕಾಣುತ್ತದೆ. ಸಾಫ್ಟ್‌ವೇರ್ ಬರೆದದ್ದನ್ನು ಓದುತ್ತದೆ. ಬರೆಯದೇ ಬಿಟ್ಟದ್ದನ್ನು ಲಿಫ್ಟ್ ಹತ್ತಿರ ಹೋಗಿ ಕೇಳುವವರು ಯಾರು? ನೀನೂ ಬಾ, ಸಾಫ್ಟ್‌ವೇರ್ ಬಗ್ಗೆ ನಮಗೆ ಹೇಳಿಕೊಡು, ನನಗೆ ಅದು ನಿಜವಾಗಿ ಬರುವುದಿಲ್ಲ.

ವಿದ್ಯಾನಗರದ ಕೋಡರ್:

ಎಲ್ಲರಿಗೂ ತಿಳಿಸುತ್ತಿದ್ದೇನೆ, ಮೊನ್ನೆ ಭಾನುವಾರ ಕೂಡಿದೆವು! ಉಣಕಲ್ ಕೆರೆ ಹತ್ತಿರ ನನ್ನ ಗೆಳತಿಯ ಟ್ಯೂಷನ್ ರೂಮ್. ಚಿಗರಿ ಬಸ್ಸು ಹತ್ತಿರದಲ್ಲೇ ನಿಲ್ಲುತ್ತದೆ ಅಂತ ಅದನ್ನೇ ಆರಿಸಿದ್ದು, ಧಾರವಾಡದವರಿಗೂ ಸುಲಭ ಆಯಿತು. ಒಂಬತ್ತು ಜನ ಬಂದಿದ್ದರು. ನಾಲ್ಕು ಜನ ಎಂಆರ್‌ಡಿ, ನಾಲ್ಕು ಜನ ಕೋಡರ್‌ಗಳು, ಮತ್ತೆ ಹಾವೇರಿ ತಂಗಿ ಬೆಳಗ್ಗೆ ಏಳರ ಬಸ್ಸಿಗೆ ಹೊರಟು ಮೂರು ದಪ್ಪ ಪುಸ್ತಕ ಚೀಲದಲ್ಲಿ ಹೊತ್ತು ಬಂದಿದ್ದಳು.

ಗದಗದ ಸರ್ ಬರೆದು ತಂದ ಚಾರ್ಟ್‌ನಲ್ಲಿ ಇದ್ದದ್ದು ಮೂರೇ ಮಾತು. ಟೈಪ್ 2 ಡಯಾಬಿಟಿಸ್, ಹೈಪರ್‌ಟೆನ್ಷನ್, ಸಿಕೆಡಿ (ದೀರ್ಘಕಾಲದ ಕಿಡ್ನಿ ಕಾಯಿಲೆ) ಸ್ಟೇಜ್ 3. ಹಾವೇರಿ ತಂಗಿ ಮೂರನ್ನೂ ಬೇರೆ ಬೇರೆ ಮಾಡಿ ಇ11.9, ಐ10, ಎನ್18.30 ಹಾಕಿದಳು. ಸರ್ ಬೈಯಲಿಲ್ಲ. ಇಂಡೆಕ್ಸ್ ತೆಗೆದು ಡಯಾಬಿಟಿಸ್ ಕೆಳಗೆ 'ವಿತ್' ಅನ್ನುವ ಪದದ ಮೇಲೆ ಬೆರಳಿಟ್ಟು ಓದು ಅಂದರು. ಐಸಿಡಿ-10ರ ಅಮೆರಿಕದ ರೂಪವಾದ ಐಸಿಡಿ-10-ಸಿಎಂನಲ್ಲಿ ಆ ಪದದ ಕೆಳಗೆ ಬಂದದ್ದಕ್ಕೆ ಸಂಬಂಧ ಇದೆ ಅಂತಲೇ ಹಿಡಿಯಬೇಕು, ಡಾಕ್ಟರು ಬೇರೆ ಕಾರಣ ಅಂತ ಬರೆದಿದ್ದರೆ ಮಾತ್ರ ಬಿಡಬೇಕು. ಬಿಪಿಗೂ ಕಿಡ್ನಿಗೂ ಹಾಗೇ. ಆದ್ದರಿಂದ ಕಿಡ್ನಿಯ ಸಂಬಂಧ ತೋರಿಸುವ ಇ11.22, ಐ12.9, ಜೊತೆಗೆ ಎನ್18.30. ತಂಗಿ ಪುಸ್ತಕದಲ್ಲಿ ಆ ಸಾಲಿಗೆ ಗೆರೆ ಎಳೆದುಕೊಂಡಳು.

ಆಗ ಧಾರವಾಡದ ಅಕ್ಕ ಎದ್ದರು. 'ಡಾಕ್ಟರು ಬರೆಯದೇ ನೀವು ಹೇಗೆ ಕೂಡಿಸುತ್ತೀರಿ? ನಾನಾದರೆ ಫೈಲ್ ಹಿಡಿದು ಮೇಲೆ ಹೋಗಿ ಕೇಳಿ ಬರುತ್ತೇನೆ' ಅಂದರು. ಅವರು ಕೆಲಸ ಮಾಡುವುದು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10ರಲ್ಲಿ, ಅದರಲ್ಲಿ ಕೋಡ್ 14 ಸಾವಿರದಷ್ಟು. ನಮ್ಮ ಅಮೆರಿಕದ ಪುಸ್ತಕದಲ್ಲಿ 70 ಸಾವಿರ ದಾಟುತ್ತದೆ. ಎರಡೂ ಪುಸ್ತಕ ಪಕ್ಕ ಪಕ್ಕ ಇಟ್ಟು ಒಂದು ಗಂಟೆ ನೋಡಿದೆವು, ಟೀ ಆರಿಹೋಯಿತು. ಬೇರೆ ಮನೆಯಲ್ಲಿ ಬೆಳೆದ ಅಕ್ಕತಂಗಿಯರ ಹಾಗೆ ಇವೆ ಎರಡೂ ಪುಸ್ತಕ.

ನನ್ನ ಮೆಟ್‌ಫಾರ್ಮಿನ್ ಪ್ರಶ್ನೆಗೂ ಉತ್ತರ ಸಿಕ್ಕಿತು. ಮಾತ್ರೆ ಹೆಸರು ಬರೆದು ಕಂಟಿನ್ಯೂ ಅಂದರೆ ಸಾಲದು, ಡಾಕ್ಟರು ಅದನ್ನು ಯೋಚಿಸಿ ನೋಡಿದ ಗುರುತು ನೋಟ್‌ನಲ್ಲಿ ಬೇಕು: ಶುಗರ್ ಎಷ್ಟು ಬಂದಿದೆ, ಹೊಟ್ಟೆಗೆ ತೊಂದರೆ ಇಲ್ಲ, ಅದಕ್ಕೆ ಡೋಸ್ ಅಷ್ಟೇ ಇರಲಿ, ಹೀಗೆ. ನನ್ನ ಚಾರ್ಟ್‌ನಲ್ಲಿ ಅದು ಇರಲಿಲ್ಲ. ಕಂಪನಿಯ ಆಡಿಟರ್ ಹೇಳಿದ್ದು ಸರಿ ಇತ್ತು. ಹತ್ತು ನಿಮಿಷದ ಮಾತಿನಲ್ಲಿ ತಿಳಿಯಿತು.

ಮುಂದಿನದು ಎರಡನೇ ಭಾನುವಾರ, ಬೆಳಗ್ಗೆ 10ಕ್ಕೆ, ಅಲ್ಲೇ. ಅಕ್ಕ ಖಾಲಿ ಫಾರ್ಮ್ 4 ತರುತ್ತಾರೆ, ಎಲ್ಲರೂ ಒಂದೊಂದು ತುಂಬಿ ನೋಡುವುದು. ನವನಗರದ ಅಣ್ಣ ಸಾಫ್ಟ್‌ವೇರ್ ಬಗ್ಗೆ ಅರ್ಧ ಗಂಟೆ ಹೇಳಲು ಒಪ್ಪಿದ್ದಾರೆ. ಹಳೇ ವರ್ಷದ ಸಿಪಿಟಿ (ಚಿಕಿತ್ಸೆಗಳ ಕೋಡ್) ಪುಸ್ತಕ ಯಾರ ಹತ್ತಿರವಾದರೂ ಇದ್ದರೆ ತನ್ನಿ, ಹಾವೇರಿ ತಂಗಿಗೆ ಪ್ರಾಕ್ಟೀಸ್‌ಗೆ ಬೇಕು, ಪ್ರತಿ ಸಲ ತನ್ನ ಪುಸ್ತಕ ಹೊತ್ತು ತರುವುದು ತಪ್ಪುತ್ತದೆ. ರಾಣೆಬೆನ್ನೂರು, ಬ್ಯಾಡಗಿ ಕಡೆಯಿಂದ ಬರುವವರು ಇದ್ದರೆ ಇಲ್ಲೇ ಹೇಳಿ, ಅವಳ ಜೊತೆ ಒಂದೇ ಬಸ್ಸಿಗೆ ಬರಬಹುದು.